80 ಬಾಗಿಲುಗಳ ಲೆಕ್ಕ

2025ರ ನವೆಂಬರ್ 2ರಂದು ನೆರೂಳಿನ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ನಮ್ಮ ಮಹಿಳಾ ತಂಡ ವಿಶ್ವಕಪ್ ಗೆದ್ದಿತು. ಮಳೆಯಿಂದಾಗಿ ಆಟ ತಡವಾಗಿ ಶುರುವಾಗಿತ್ತು. ಹರ್ಮನ್‌ಪ್ರೀತ್ ಹಿಂದಕ್ಕೆ ಓಡಿ ಕೊನೆಯ ಕ್ಯಾಚ್ ಹಿಡಿದಾಗ ಹತ್ತಿರ ಹತ್ತಿರ ಮಧ್ಯರಾತ್ರಿ. ಪಕ್ಕದಲ್ಲಿ ಮಗಳು ಕುಣಿಯುತ್ತಿದ್ದಳು, ಮುಂದಿನ ಸಾಲಿನ ಅಪರಿಚಿತರು ನನ್ನನ್ನು ತಬ್ಬಿಕೊಂಡರು. ನಾನು ಮಾತ್ರ ಹಿಂದಕ್ಕೆ ತಿರುಗಿ, ನಮ್ಮ ಸಾಲಿನಿಂದ ಬಾಗಿಲಿಗೆ ಎಷ್ಟು ಮೆಟ್ಟಿಲು ಎಂದು ಎಣಿಸುತ್ತಿದ್ದೆ.

‘ಅಪ್ಪ, ಎಲ್ರೂ ಆ ಕಡೆ ನೋಡ್ತಿದ್ರೆ ನೀನೊಬ್ಬ ಈ ಕಡೆ ನೋಡ್ತಿದ್ದೀಯಲ್ಲ!’ ಎಂದು ಮಗಳು ರೇಗಿದಳು.

ಈ ಚಾಳಿ ನನಗೆ ಹತ್ತಿದ್ದು ಅದೇ ವರ್ಷದ ಜೂನ್ 4ರಿಂದ. ಹಿಂದಿನ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ ಹದಿನೆಂಟು ವರ್ಷಗಳ ನಂತರ ಕಪ್ ಗೆದ್ದಿತ್ತು. ಖಾರ್ಘರಿನ ನಮ್ಮ ಕಟ್ಟಡದಲ್ಲಿರುವ ನಾಲ್ಕು ಕನ್ನಡದ ಮನೆಗಳವರೂ ಟೆರೇಸಿನ ಮೇಲೆ ಸೇರಿ, ಕೆಳಗಿನ ಮರಾಠಿ ಅಜ್ಜಿ ಬೈಯುವವರೆಗೂ ಕೂಗಾಡಿದ್ದೆವು. ಮಾರನೆಯ ದಿನ ಸಂಜೆ ಆಫೀಸಿನಲ್ಲಿ ಮೀಟಿಂಗಿನಲ್ಲಿದ್ದಾಗ ಬೆಂಗಳೂರಿನಿಂದ ಅಕ್ಕನ ಫೋನು. ‘ಇವನು ಬೆಳಗ್ಗೆ ಟೌನಿಗೆ ಹೋದೋನು ಕಣೋ, ಫೋನ್ ಹೋಗ್ತಿಲ್ಲ. ಟಿವಿಲಿ ಏನೇನೋ ತೋರಿಸ್ತಿದಾರೆ.’

ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಹೊರಗೆ ಆ ದಿನ 11 ಜನ ಸತ್ತರು. ಗಾಯಗೊಂಡವರು 50ಕ್ಕೂ ಹೆಚ್ಚು. ಸತ್ತವರಲ್ಲಿ ಬಹುತೇಕರು ಹರೆಯದ ಮಕ್ಕಳು. ಅಕ್ಕನ ಮಗ ಎರಡು ಗಂಟೆಯ ನಂತರ ಸಿಕ್ಕಿದ. ಕಬ್ಬನ್ ಪಾರ್ಕ್ ಮೆಟ್ರೋ ನಿಲ್ದಾಣದಲ್ಲಿ ಜನ ನೋಡಿ ದಿಗಿಲಾಗಿ, ಮೇಲಕ್ಕೇ ಬಾರದೆ ಹಿಂದಿರುಗಿದ್ದನಂತೆ. ಆ ರಾತ್ರಿ ನನಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದ. ‘ಮಾಮ, ನೀನು ಸಿವಿಲ್ ಇಂಜಿನಿಯರ್ ಅಲ್ವಾ? ಇಷ್ಟು ಜನ ಬಂದ್ರೆ ಏನಾಗುತ್ತೆ ಅಂತ ಮೊದಲೇ ಲೆಕ್ಕ ಹಾಕೋಕೆ ಬರಲ್ವಾ?’

ನಾನು ಎಂಟೆಕ್ ಮಾಡಿದ್ದು ಸ್ಟ್ರಕ್ಚರಲ್ ಇಂಜಿನಿಯರಿಂಗ್‌ನಲ್ಲಿ. ನಮ್ಮ ಬ್ಯಾಚಿನ ಅರ್ಧಕ್ಕಿಂತ ಹೆಚ್ಚು ಜನರ ಹಾಗೆ ಹೊಟ್ಟೆಪಾಡು ಐಟಿ. ಇಪ್ಪತ್ತು ವರ್ಷದಿಂದ ಒಂದು ತೊಲೆಯನ್ನೂ ಡಿಸೈನ್ ಮಾಡಿಲ್ಲ. ಆದರೂ ಆ ಪ್ರಶ್ನೆಗೆ ಉತ್ತರ ಗೊತ್ತಿರಬೇಕಿತ್ತು ಅನ್ನಿಸಿತು. ಹಳೆಯ ಪುಸ್ತಕ ತೆಗೆದೆ, ಹೊಸದು ತರಿಸಿಕೊಂಡೆ. ಉತ್ತರ ಫೋನಿನಲ್ಲಿ ಹೇಳಿ ಮುಗಿಸುವಷ್ಟು ಚಿಕ್ಕದಾಗಿರಲಿಲ್ಲ. ಅದಕ್ಕೇ ಈ ಬರಹ.

ಬಿದ್ದ ಮೇಲೆ ಬಂದ ಕಾನೂನು

ಕ್ರೀಡಾಂಗಣಗಳ ಚರಿತ್ರೆಯನ್ನು ಸಾಮಾನ್ಯವಾಗಿ ಕೊಲೋಸಿಯಂನಿಂದ ಶುರುಮಾಡುತ್ತಾರೆ. ನಾನು ಅದಕ್ಕಿಂತ ಐವತ್ತು ವರ್ಷ ಹಿಂದಿನ, ಈಗ ಒಂದು ಕಲ್ಲೂ ಉಳಿಯದ ಇನ್ನೊಂದು ಕಟ್ಟಡದಿಂದ ಶುರುಮಾಡುತ್ತೇನೆ.

ಕ್ರಿ.ಶ. 27. ರೋಮಿನ ಹತ್ತಿರ ಫಿಡೇನೆ ಎಂಬ ಊರು. ದಾಸ್ಯದಿಂದ ಬಿಡುಗಡೆಯಾಗಿದ್ದ ಅಟೀಲಿಯಸ್ ಎಂಬಾತ ಅಲ್ಲಿ ಮರದ ಬಯಲುರಂಗವೊಂದನ್ನು ಕಟ್ಟಿ ಗ್ಲಾಡಿಯೇಟರ್ ಕಾಳಗ ಏರ್ಪಡಿಸಿದ. ಚಕ್ರವರ್ತಿ ಟೈಬೀರಿಯಸ್‌ಗೆ ಇಂಥ ಆಟಗಳ ಬಗ್ಗೆ ಒಲವಿರಲಿಲ್ಲ. ಹಾಗಾಗಿ ಮೋಜಿಗೆ ಹಸಿದಿದ್ದ ಜನ ರೋಮಿನಿಂದಲೂ ಗಂಡು ಹೆಣ್ಣೆನ್ನದೆ ಹರಿದುಬಂದರು. ಕಟ್ಟಡ ತುಂಬಿ ತುಳುಕಿದಾಗ ಕುಸಿಯಿತು. ಸತ್ತವರೂ ಅಂಗವಿಕಲರಾದವರೂ ಸೇರಿ 50,000 ಎಂದು ಇತಿಹಾಸಕಾರ ಟ್ಯಾಸಿಟಸ್ ಬರೆದ. ಸತ್ತವರೇ 20,000 ಮೀರಿದರು ಎಂದು ಸ್ವೆಟೋನಿಯಸ್ ಬರೆದ. ಹಳೆಯ ಕಾಲದ ಅಂಕಿಗಳು, ಉಪ್ಪು ಹಾಕಿಕೊಂಡೇ ಓದಬೇಕು. ಆದರೆ ಟ್ಯಾಸಿಟಸ್ ಕೊಡುವ ಕಾರಣಗಳು ಇಂದಿನ ತನಿಖಾ ವರದಿಯ ಹಾಗಿವೆ. ಅಟೀಲಿಯಸ್ ಗಟ್ಟಿ ನೆಲದ ಮೇಲೆ ಅಡಿಪಾಯ ಹಾಕಿರಲಿಲ್ಲ, ಮೇಲಿನ ಮರಮುಟ್ಟುಗಳನ್ನು ಬಿಗಿಯಾಗಿ ಜೋಡಿಸಿರಲಿಲ್ಲ, ಕೈಯಲ್ಲಿ ಬಂಡವಾಳವಿಲ್ಲದೆ ಬರೀ ಲಾಭದಾಸೆಗೆ ಕೆಲಸ ಹಿಡಿದಿದ್ದ.

ಆಮೇಲೆ ರೋಮಿನ ಸೆನೆಟ್ ಎರಡು ನಿಯಮ ಮಾಡಿತು. ನಾಲ್ಕು ಲಕ್ಷ ಸೆಸ್ಟರ್ಸ್‌ಗಿಂತ ಕಡಿಮೆ ಆಸ್ತಿಯುಳ್ಳವರು ಇಂಥ ಪ್ರದರ್ಶನ ನಡೆಸಕೂಡದು. ನೆಲದ ಗಟ್ಟಿತನ ಪರೀಕ್ಷಿಸದೆ ಬಯಲುರಂಗ ಕಟ್ಟಕೂಡದು. ಅಟೀಲಿಯಸ್‌ನನ್ನು ಗಡೀಪಾರು ಮಾಡಿದರು. ಗುತ್ತಿಗೆದಾರನ ಅರ್ಹತೆ, ಮಣ್ಣಿನ ಪರೀಕ್ಷೆ: ನಾವು ಇಂದು ಟೆಂಡರಿನಲ್ಲಿ ಬರೆಯುವ ಎರಡು ಕಲಮುಗಳು ಸುಮಾರು ಎರಡು ಸಾವಿರ ವರ್ಷ ಹಳೆಯವು. ಹೆಣಗಳನ್ನು ಎಣಿಸಿದ ಮೇಲೆ ನಿಯಮ ಬರೆಯುವ ಪದ್ಧತಿಯೂ ಅಷ್ಟೇ ಹಳೆಯದು.

ಉಗುಳುವ ದಾರಿಗಳು

ಈ ಪಾಠ ಗೊತ್ತಿದ್ದ ಊರಿನಲ್ಲೇ ಕೊಲೋಸಿಯಂ ಎದ್ದಿತು. ವೆಸ್ಪೇಸಿಯನ್ ಶುರುಮಾಡಿಸಿದ, ಅವನ ಮಗ ಟೈಟಸ್ ಕ್ರಿ.ಶ. 80ರಲ್ಲಿ ಉದ್ಘಾಟಿಸಿದ. ನೀರೋ ತನ್ನ ಅರಮನೆಗೆಂದು ಮಾಡಿಸಿದ್ದ ಕೆರೆಯನ್ನು ಬತ್ತಿಸಿದ ಜಾಗ ಅದು. ಬೆಂಗಳೂರಿನ ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾದದ್ದನ್ನು ಬಲ್ಲವರಿಗೆ ಇದೇನೂ ಹೊಸತೆನಿಸದು. ವ್ಯತ್ಯಾಸವೆಂದರೆ ರೋಮನ್ನರು ಆ ಮೆತ್ತನೆಯ ನೆಲದಲ್ಲಿ ಸುಮಾರು 12 ಮೀಟರ್ ಆಳದ ಕಾಂಕ್ರೀಟ್ ಬಳೆಯೊಂದನ್ನು ಹಾಕಿ, ಅದರ ಮೇಲೆ ಕಟ್ಟಡ ನಿಲ್ಲಿಸಿದರು. ಉದ್ದ 189 ಮೀಟರ್, ಅಗಲ 156, ಎತ್ತರ 48.

ನನ್ನ ಮಟ್ಟಿಗೆ ಅಲ್ಲಿಯ ದೊಡ್ಡ ಸಾಧನೆ ಎತ್ತರವಲ್ಲ, ನೆಲಮಟ್ಟದ 80 ಕಮಾನುಗಳು. ನಾಲ್ಕು ಗಣ್ಯರಿಗೆ ಮತ್ತು ಮೆರವಣಿಗೆಗೆ. ಉಳಿದ 76 ಸಾಮಾನ್ಯರಿಗೆ, ಪ್ರತಿಯೊಂದರ ನೆತ್ತಿಯ ಮೇಲೂ ಒಂದು ಸಂಖ್ಯೆ. ಇನ್ನೂ ನಿಂತಿರುವ ಹೊರಗೋಡೆಯಲ್ಲಿ 23ರಿಂದ 54ರವರೆಗಿನ ರೋಮನ್ ಅಂಕಿಗಳನ್ನು ಇಂದಿಗೂ ಓದಬಹುದು. ಆ ಕಮಾನಿನಿಂದ ಒಳಗೆ ಹೋದವನು ಮೆಟ್ಟಿಲು ಹತ್ತಿ, ತನ್ನ ವರ್ಗದವರು ಕೂರುವ ಕಡೆ ಹೊರಬೀಳುತ್ತಿದ್ದ. ಮೇಲ್ವರ್ಗದವರ ದಾರಿ, ಬಡವರ ದಾರಿ ಬೇರೆ ಬೇರೆ. ಅದು ಮಡಿಮೈಲಿಗೆಯ ಏರ್ಪಾಟೇ ಸರಿ. ಆದರೆ ಎರಡು ಗುಂಪುಗಳು ಎದುರುಬದುರಾಗಿ ಸಿಕ್ಕಿಹಾಕಿಕೊಳ್ಳದಂತೆಯೂ ಅದು ನೋಡಿಕೊಂಡಿತು.

ಆಸನಗಳ ನಡುವೆ ತೆರೆದುಕೊಳ್ಳುವ ಆ ಸುರಂಗದ ಬಾಯಿಗಳಿಗೆ ಲ್ಯಾಟಿನ್ನಿನಲ್ಲಿ ವಾಮಿಟೋರಿಯಂ ಎಂದು ಹೆಸರು. ರೋಮನ್ನರು ಹೊಟ್ಟೆಬಿರಿಯ ಉಂಡು ವಾಂತಿ ಮಾಡಿಕೊಳ್ಳುತ್ತಿದ್ದ ಕೋಣೆ ಎಂದು ಶಾಲೆಯಲ್ಲಿ ಮೇಷ್ಟ್ರೊಬ್ಬರು ಹೇಳಿದ್ದು ನೆನಪಿದೆ. ಅದು ಕಟ್ಟುಕತೆ. ಕಟ್ಟಡವೇ ಜನರನ್ನು ಹೊರಗೆ ಉಗುಳುತ್ತದೆ ಎಂಬ ಅರ್ಥದಲ್ಲಿ ಬಂದ ಹೆಸರು ಅದು. ಪ್ರೇಕ್ಷಕರು 50,000 ಎಂದು ಹಿಡಿದರೆ ಒಂದು ಬಾಗಿಲಿಗೆ 650 ಜನರ ಆಸುಪಾಸು. ಈ ಸಂಖ್ಯೆ ನೆನಪಿರಲಿ, ಮುಂದೆ ಬೇಕಾಗುತ್ತದೆ.

ನೋಡುವ ಲೆಕ್ಕ, ಹೋಗುವ ಲೆಕ್ಕ

ಕ್ರೀಡಾಂಗಣ ಕಟ್ಟುವವನಿಗೆ ಮುಖ್ಯವಾಗಿ ಎರಡು ಲೆಕ್ಕಗಳಿವೆ. ಒಂದು, ಕೂತವನಿಗೆ ಆಟ ಕಾಣಬೇಕು. ನಿಮ್ಮ ಕಣ್ಣಿನಿಂದ ಮೈದಾನದ ಅಂಚಿಗೆ ಒಂದು ಗೆರೆ ಎಳೆದರೆ ಅದು ಮುಂದಿನ ಸಾಲಿನವನ ಕಣ್ಣಿನಿಂದ ಎಷ್ಟು ಮೇಲೆ ಹಾದುಹೋಗುತ್ತದೆ ಎಂಬುದನ್ನು ಸಿ-ಮೌಲ್ಯ ಎನ್ನುತ್ತಾರೆ. 90 ಮಿಲಿಮೀಟರ್ ಇದ್ದರೆ ಚೆನ್ನ, 60 ಇದ್ದರೆ ಕತ್ತು ಸ್ವಲ್ಪ ಎತ್ತಬೇಕು. ಹಿಂದೆ ಹಿಂದೆ ಹೋದಂತೆ ಇದನ್ನು ಉಳಿಸಿಕೊಳ್ಳಲು ಮೆಟ್ಟಿಲುಗಳನ್ನು ಹೆಚ್ಚು ಹೆಚ್ಚು ಕಡಿದಾಗಿಸಬೇಕು. ಆದ್ದರಿಂದಲೇ ದೊಡ್ಡ ಕ್ರೀಡಾಂಗಣದ ಮೇಲಂತಸ್ತಿನಲ್ಲಿ ತಲೆ ತಿರುಗುವುದು. ಕಂಬ ಅಡ್ಡ ಬರಬಾರದೆಂದು ನೆರೂಳಿನಲ್ಲಿ ಮಾಡಿದ ಹಾಗೆ ಚಾವಣಿಯನ್ನು ಹಿಂದಿನಿಂದಲೇ ಚಾಚಿ ನಿಲ್ಲಿಸುತ್ತಾರೆ. ಟಿಕೆಟ್ ಮಾರಾಟವಾಗುವುದು ಈ ಲೆಕ್ಕದ ಮೇಲೆ.

ಎರಡನೆಯದು ಜನ ಬರುವ, ಹೋಗುವ ಲೆಕ್ಕ. ಇದನ್ನು ನೋಡಿ ಯಾರೂ ಟಿಕೆಟ್ ಕೊಳ್ಳುವುದಿಲ್ಲ. ಅದಕ್ಕೇ ಇದನ್ನು ಕಲಿಯಲು ತುಂಬಾ ಕಾಲ ಹಿಡಿಯಿತು.

ಸ್ಕಾಟ್ಲೆಂಡಿನ ಆರ್ಚಿಬಾಲ್ಡ್ ಲೀಚ್ ಕಾರ್ಖಾನೆಗಳನ್ನು ಡಿಸೈನ್ ಮಾಡುತ್ತಿದ್ದ ಇಂಜಿನಿಯರ್. ಗ್ಲಾಸ್ಗೋದ ಐಬ್ರಾಕ್ಸ್ ಮೈದಾನ ಅವನ ಕೈಗೆ ಬಂತು. 1902ರ ಏಪ್ರಿಲ್ 5ರಂದು ಸ್ಕಾಟ್ಲೆಂಡ್–ಇಂಗ್ಲೆಂಡ್ ಪಂದ್ಯ ನಡೆಯುತ್ತಿದ್ದಾಗ ಮರದ ಹಲಗೆಗಳ ಎತ್ತರದ ಅಟ್ಟಣೆ ಮುರಿದು ಜನ ಕೆಳಕ್ಕೆ ಬಿದ್ದರು. 25 ಸಾವು, 500ಕ್ಕೂ ಹೆಚ್ಚು ಮಂದಿಗೆ ಗಾಯ. ಲೀಚ್‌ನ ಕತೆ ಅಲ್ಲಿಗೇ ಮುಗಿಯಬಹುದಿತ್ತು. ಹಾಗಾಗದೆ ಅವನು ಮರದ ಅಟ್ಟಣೆಗಳನ್ನು ಬಿಟ್ಟು, ಮಣ್ಣಿನ ದಿಬ್ಬದ ಮೇಲೆ ಮೆಟ್ಟಿಲು ಕಡಿದು, ನಡುನಡುವೆ ಕಬ್ಬಿಣದ ಅಡ್ಡಗಂಬಿ ಹಾಕುವ ಕ್ರಮಕ್ಕೆ ಬಂದ. ಆನ್‌ಫೀಲ್ಡ್, ಓಲ್ಡ್ ಟ್ರಾಫರ್ಡ್, ವಿಲ್ಲಾ ಪಾರ್ಕ್ ಎಂದು ಇಂದಿಗೂ ನಾವು ಟಿವಿಯಲ್ಲಿ ಕೇಳುವ ಎಷ್ಟೋ ಮೈದಾನಗಳ ಮೂಲ ನಕ್ಷೆ ಅವನದು.

ಕಟ್ಟಡ ಗಟ್ಟಿಯಾಯಿತು. ಆದರೆ ಅದೇ ಐಬ್ರಾಕ್ಸ್‌ನಲ್ಲಿ 1971ರ ಜನವರಿ 2ರಂದು, ಆಟ ಮುಗಿದು ಜನ ಹೊರಡುತ್ತಿದ್ದಾಗ, 13ನೆಯ ಮೆಟ್ಟಿಲುಸಾಲಿನಲ್ಲಿ 66 ಜನ ಸತ್ತರು. ಯಾವುದೂ ಕುಸಿದಿರಲಿಲ್ಲ. ಮುಂದಿದ್ದ ಯಾರೋ ಎಡವಿದರು, ಹಿಂದಿನವರಿಗೆ ಅದು ತಿಳಿಯಲಿಲ್ಲ, ಇಳಿಜಾರಿನಲ್ಲಿ ನಿಲ್ಲಲು ಆಗಲಿಲ್ಲ. ಅದೇ ಮೆಟ್ಟಿಲುಗಳ ಮೇಲೆ 1961ರಲ್ಲಿ ಇಬ್ಬರು ಸತ್ತಿದ್ದರು. 1967 ಮತ್ತು 1969ರಲ್ಲಿ ಜನ ಗಾಯಗೊಂಡಿದ್ದರು. ಮೂರು ಸಲ ಎಚ್ಚರಿಕೆ ಸಿಕ್ಕಿತ್ತು.

ಆಮೇಲೆ ಬ್ರಿಟನ್ನಿನಲ್ಲಿ 1973ರಲ್ಲಿ ಒಂದು ಕೈಪಿಡಿ ಬಂತು, 1975ರಲ್ಲಿ ಕಾನೂನು ಬಂತು. ರಕ್ಷಾಪುಟದ ಬಣ್ಣದಿಂದ ‘ಗ್ರೀನ್ ಗೈಡ್’ ಎಂದೇ ಹೆಸರಾದ ಆ ಕೈಪಿಡಿಯ ಇತ್ತೀಚಿನ ಆವೃತ್ತಿಗಳಲ್ಲಿ ನನ್ನ ಅಳಿಯನ ಪ್ರಶ್ನೆಗೆ ಉತ್ತರ ಇದೆ. ಸಮತಟ್ಟಾದ ದಾರಿಯಲ್ಲಿ ಒಂದು ಮೀಟರ್ ಅಗಲಕ್ಕೆ ನಿಮಿಷಕ್ಕೆ 82 ಜನ ಹಾಯಬಹುದು, ಮೆಟ್ಟಿಲಿನಲ್ಲಿ 66. ಮಾಮೂಲು ದಿನ ಎಂಟು ನಿಮಿಷದೊಳಗೆ ಎಲ್ಲರೂ ನಿರ್ಗಮನದ ದಾರಿಗಳನ್ನು ಹೊಕ್ಕಿರಬೇಕು. ಒಳಗೆ ಬಿಡುವಾಗ ಒಂದು ತಿರುಗುಗೇಟಿನಿಂದ ಗಂಟೆಗೆ 660 ಜನರಿಗಿಂತ ಹೆಚ್ಚು ಎಂದು ಲೆಕ್ಕ ಹಿಡಿಯಬಾರದು.

ಈಗ 35,000 ಜನರ ಕ್ರೀಡಾಂಗಣ ತೆಗೆದುಕೊಳ್ಳಿ. ಎಂಟು ನಿಮಿಷದಲ್ಲಿ ಖಾಲಿಯಾಗಲು, ಎಲ್ಲವೂ ಸಮತಟ್ಟೆಂದು ಹಿಡಿದರೂ, ಒಟ್ಟು 53 ಮೀಟರ್ ಅಗಲದ ದಾರಿ ಬೇಕು. ಒಂದು ಗಂಟೆಯಲ್ಲಿ ತುಂಬಲು 53 ಗೇಟು ಬೇಕು. ಎರಡೂ ಕಡೆ 53 ಬಂದದ್ದು ಕಾಕತಾಳೀಯ. ಇದಕ್ಕೆ ಎಂಟೆಕ್ ಬೇಕಿಲ್ಲ, ಐದನೆಯ ಕ್ಲಾಸಿನ ಭಾಗಾಕಾರ ಸಾಕು.

ಯಾರ ತಪ್ಪು ಎಂಬ ಪ್ರಶ್ನೆ

ಲೆಕ್ಕ ಪುಸ್ತಕದಲ್ಲಿದ್ದರೆ ಸಾಲದು ಎಂಬುದಕ್ಕೆ 1989ರ ಏಪ್ರಿಲ್ 15ರ ಹಿಲ್ಸ್‌ಬರೋ ಸಾಕ್ಷಿ. ಶೆಫೀಲ್ಡ್ ನಗರದ ಆ ಮೈದಾನದಲ್ಲಿ ಲಿವರ್‌ಪೂಲ್ ಅಭಿಮಾನಿಗಳಿಗೆ ಕೊಟ್ಟಿದ್ದು ಲೆಪಿಂಗ್ಸ್ ಲೇನ್ ಕಡೆಯ ಜಾಗ. ನಿಂತು ನೋಡುವ ಟಿಕೆಟ್ ಪಡೆದ 10,100 ಜನಕ್ಕೆ ಇದ್ದದ್ದು ಏಳು ತಿರುಗುಗೇಟು. ಒಂದಕ್ಕೆ 1,400ಕ್ಕೂ ಹೆಚ್ಚು ಜನ, ಅಂದರೆ ಕೊಲೋಸಿಯಂನ ಎರಡರಷ್ಟು. ಗಂಟೆಗೆ 660ರ ಲೆಕ್ಕದಲ್ಲಿ ಅವರೆಲ್ಲ ಒಳಗೆ ಹೋಗಲು ಎರಡು ಗಂಟೆಯ ಮೇಲೆ ಬೇಕು. ಮೂರು ಗಂಟೆಗೆ ಆಟ. ಹೊರಗೆ ಒತ್ತಡ ಏರಿದಾಗ ಪೊಲೀಸರು 2.52ಕ್ಕೆ ಪಕ್ಕದ ದೊಡ್ಡ ಗೇಟು ತೆರೆಸಿದರು. ಎದುರಿಗೇ ಕಂಡ ಸುರಂಗಕ್ಕೆ ಜನ ನುಗ್ಗಿದರು. ಅದು ಹೋಗಿ ಸೇರುತ್ತಿದ್ದುದು ಆಗಲೇ ತುಂಬಿದ್ದ ನಡುವಿನ ಎರಡು ಪಂಜರಗಳಿಗೆ. ಮುಂದೆ ಮೈದಾನಕ್ಕೆ ಯಾರೂ ಇಳಿಯದಂತೆ ಕಬ್ಬಿಣದ ಬೇಲಿ. ಅಂದಿನ ಗಾಯದಿಂದ ನರಳಿ 2021ರಲ್ಲಿ ತೀರಿಕೊಂಡವರನ್ನೂ ಸೇರಿಸಿ ಸತ್ತವರು 97.

ಕುಡಿದ ಅಭಿಮಾನಿಗಳೇ ಗೇಟು ಮುರಿದು ನುಗ್ಗಿದರು ಎಂದು ಆ ದಿನವೇ ಹೇಳಲಾಯಿತು. ಪತ್ರಿಕೆಗಳೂ ಅದನ್ನೇ ಬರೆದವು. 1989ರ ಟೇಲರ್ ಮಧ್ಯಂತರ ವರದಿ ಪೊಲೀಸರ ನಿಯಂತ್ರಣ ತಪ್ಪಿದ್ದೇ ಮುಖ್ಯ ಕಾರಣ ಎಂದರೂ ಆ ಕಳಂಕ ಹೋಗಲಿಲ್ಲ. 2016ರಲ್ಲಿ ನ್ಯಾಯಮಂಡಲಿ, ಇದು ಕಾನೂನುಬಾಹಿರ ಸಾವು, ಅಭಿಮಾನಿಗಳ ತಪ್ಪಿಲ್ಲ ಎಂದು ಹೇಳಿತು. ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳು ಆ ಒಂದು ಮಾತಿಗೆ 27 ವರ್ಷ ಕಾದಿದ್ದರು.

ಇದನ್ನು ಓದುವಾಗ ನಮ್ಮ ಭಾಷೆಯ ಒಂದು ಪದ ನನ್ನನ್ನು ಕಾಡಿತು. ಇಂಥ ಸುದ್ದಿಗೆಲ್ಲ ನಾವು ‘ಕಾಲ್ತುಳಿತ’ ಎನ್ನುತ್ತೇವೆ. ಯಾರೋ ಯಾರನ್ನೋ ತುಳಿದು ಓಡಿದರು ಎಂಬ ಚಿತ್ರ ಆ ಪದದಲ್ಲೇ ಇದೆ. ತಪ್ಪು ಕಾಲುಗಳದು, ಅಂದರೆ ಜನರದು. ವಾಸ್ತವದಲ್ಲಿ ಇಂಥ ಕಡೆ ಬಹಳಷ್ಟು ಜನ ಸಾಯುವುದು ತುಳಿತದಿಂದಲ್ಲ, ಎದೆಯ ಮೇಲಿನ ಒತ್ತಡದಿಂದ ಉಸಿರುಗಟ್ಟಿ. ಎಷ್ಟೋ ಸಲ ನಿಂತಲ್ಲೇ. ಒಂದು ಚದರ ಮೀಟರಿಗೆ ನಾಲ್ಕೈದು ಜನರಿದ್ದರೆ ಇಕ್ಕಟ್ಟು. ಏಳಕ್ಕೆ ಬಂದರೆ ಗುಂಪು ಹೆಚ್ಚುಕಡಿಮೆ ದ್ರವದ ಹಾಗೆ ವರ್ತಿಸುತ್ತದೆ ಎಂದು ಅಮೆರಿಕದ ಇಂಜಿನಿಯರ್ ಜಾನ್ ಫ್ರುಯಿನ್ ತೋರಿಸಿಕೊಟ್ಟರು. ಎಲ್ಲೋ ಒಂದು ತಳ್ಳಾಟ ಅಲೆಯಾಗಿ ಹರಿದು ಎಲ್ಲೋ ನಿಂತವರನ್ನು ಎತ್ತಿ ಒಗೆಯುತ್ತದೆ. ಆಗ ಹೆದರುವುದಕ್ಕಾಗಲಿ ಸಭ್ಯವಾಗಿರುವುದಕ್ಕಾಗಲಿ ಅವಕಾಶವೇ ಇರುವುದಿಲ್ಲ. ಸಂಜೆ ಆರರ ಲೋಕಲ್ಲಿನಲ್ಲಿ ದಾದರಿನಲ್ಲಿ ಇಳಿದವರಿಗೆ ಈ ಅಲೆ ಮೈಯಲ್ಲೇ ಗೊತ್ತು. 2017ರ ಸೆಪ್ಟೆಂಬರಿನಲ್ಲಿ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಕಿರಿದಾದ ಮೇಲ್ಸೇತುವೆಯಲ್ಲಿ 23 ಜನ ಸತ್ತಾಗಲೂ ನಾವು ಕಾಲ್ತುಳಿತ ಎಂದೇ ಬರೆದೆವು.

ಮುಂಬಯಿ, ಬೆಂಗಳೂರು

ಮುಂಬಯಿಯ ಚರ್ಚ್‌ಗೇಟ್ ಬಳಿ ಕೂಗಳತೆಯಲ್ಲಿ ಎರಡು ದೊಡ್ಡ ಕ್ರೀಡಾಂಗಣ ಏಕಿವೆ ಎಂದು ಹೊಸಬರು ಕೇಳುತ್ತಾರೆ. ಸಮುದ್ರ ತುಂಬಿ ಪಡೆದ ನೆಲದ ಮೇಲೆ 1937ರಲ್ಲಿ ಬ್ರೆಬೋರ್ನ್ ಬಂತು, ಅದು ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದ್ದು. ಟೆಸ್ಟ್ ಪಂದ್ಯಗಳ ಟಿಕೆಟ್ ಹಂಚಿಕೆಯಲ್ಲಿ ಕ್ಲಬ್ಬಿಗೂ ಬಾಂಬೆ ಕ್ರಿಕೆಟ್ ಸಂಸ್ಥೆಗೂ ಜಗಳ ಬಿದ್ದು, ಸಂಸ್ಥೆಯವರು ಎಸ್.ಕೆ. ವಾಂಖೆಡೆಯವರ ಮುಂದಾಳತ್ವದಲ್ಲಿ ತಮ್ಮದೇ ಕ್ರೀಡಾಂಗಣ ಕಟ್ಟಿದರು. ವಾಸ್ತುಶಿಲ್ಪಿ ಶಶಿ ಪ್ರಭು, ಕಟ್ಟಲು ಹಿಡಿದದ್ದು ಸುಮಾರು 13 ತಿಂಗಳು. 1975ರ ಜನವರಿಯ ಮೊದಲ ಟೆಸ್ಟಿನಲ್ಲಿ ವೆಸ್ಟ್ ಇಂಡೀಸ್‌ನ ಕ್ಲೈವ್ ಲಾಯ್ಡ್ 242 ಹೊಡೆದರು, ನಮ್ಮ ವಿಶ್ವನಾಥ್ 95ಕ್ಕೆ ಔಟಾದರು. ಪಕ್ಕದಲ್ಲೇ ಪಶ್ಚಿಮ ರೈಲ್ವೆಯ ಹಳಿ, ಸುತ್ತ ಕಟ್ಟಡಗಳು. 2011ರ ವಿಶ್ವಕಪ್ಪಿಗೆ ಅದನ್ನು ಮರುನಿರ್ಮಿಸಿದಾಗ ಬೆಂಚುಗಳು ಹೋಗಿ ಬಿಡಿಕುರ್ಚಿಗಳು ಬಂದು, ಆಸನಗಳು ಮುಂಚಿಗಿಂತ ಕಡಿಮೆಯಾಗಿ ಸುಮಾರು 33,000ಕ್ಕೆ ನಿಂತವು. ದೊಡ್ಡದಾಗುವುದೇ ಪ್ರಗತಿ ಎಂದುಕೊಂಡ ನಮಗೆ, ಚಿಕ್ಕದಾಗುವುದೂ ಒಂದು ಪ್ರಗತಿ ಎಂಬ ಪಾಠ ಅದರಲ್ಲಿದೆ.

ಚಿನ್ನಸ್ವಾಮಿ ಕ್ರೀಡಾಂಗಣ ವಾಂಖೆಡೆಗೆ ಓರಗೆಯದು. 1974ರ ನವೆಂಬರಿನಲ್ಲಿ, ಅದೇ ವೆಸ್ಟ್ ಇಂಡೀಸ್ ಪ್ರವಾಸದಲ್ಲಿ, ಅಲ್ಲಿ ಮೊದಲ ಟೆಸ್ಟ್ ನಡೆಯಿತು. ಆಗ ಬೆಂಗಳೂರಿನ ಜನಸಂಖ್ಯೆ ಇಪ್ಪತ್ತು ಲಕ್ಷದ ಆಸುಪಾಸು. ಈಗ ಕೋಟಿ ದಾಟಿದೆ. ಕ್ರೀಡಾಂಗಣ, ಅದರ ಸುತ್ತಲಿನ ಫುಟ್‌ಪಾತು ಅಷ್ಟೇ ಇವೆ.

35,000 ಜನ ಹಿಡಿಸುವ ಜಾಗಕ್ಕೆ ಎರಡು-ಮೂರು ಲಕ್ಷ ಜನ ಬಂದರು ಎಂದು ಮುಖ್ಯಮಂತ್ರಿಗಳು ಜೂನ್ 4ರ ಸಂಜೆ ಹೇಳಿದರು. ಎರಡೇ ಲಕ್ಷ ಎಂದುಕೊಳ್ಳಿ. 53 ಗೇಟುಗಳು ಇದ್ದರೂ ಅವರೆಲ್ಲ ಒಳಗೆ ಹೋಗಲು ಆರು ಗಂಟೆ ಬೇಕು. ಹೋದವರಲ್ಲಿ ಆರಕ್ಕೆ ಒಬ್ಬನಿಗೆ ಮಾತ್ರ ಕುರ್ಚಿ. ಉಳಿದ ಐವರು ಎಲ್ಲಿ ನಿಲ್ಲಬೇಕು? ಅದಕ್ಕೆ ಯಾವ ನಕ್ಷೆಯಲ್ಲೂ ಜಾಗವಿಲ್ಲ. ರೋಮನ್ ಕಾಲದಿಂದ ನಾವು ಕಟ್ಟಿಕೊಂಡು ಬಂದ ಲೆಕ್ಕವೆಲ್ಲ ಗೋಡೆಯ ಒಳಗಿನದು, ಟಿಕೆಟ್ ಇದ್ದವರದು. ಗೇಟಿನ ಹೊರಗೆ ಕೆಂಪು ಜೆರ್ಸಿ ತೊಟ್ಟು ಬರಿಗೈಯಲ್ಲಿ ನಿಂತವನು ಯಾರ ಲೆಕ್ಕದಲ್ಲೂ ಇರಲಿಲ್ಲ. ಆಮೇಲೆ ಆಯೋಗ ಬಂತು, ವರದಿ ಬಂತು. ಬೆಂಗಳೂರಿನಲ್ಲಿ ನಡೆಯಬೇಕಿದ್ದ ಮಹಿಳಾ ವಿಶ್ವಕಪ್ಪಿನ ಪಂದ್ಯಗಳು ನಮ್ಮ ನೆರೂಳಿಗೆ ಬಂದವು. ಹಾಗಾಗಿ ನನ್ನ ಮಗಳಿಗೆ ಫೈನಲ್ ನೋಡಲು ಸಿಕ್ಕಿತು. ಅವಳ ಆ ಸಂತೋಷದ ಹಿಂದೆ ಏನಿದೆ ಎಂದು ಅವಳಿಗೆ ಹೇಳಬೇಕೋ ಬೇಡವೋ, ಇನ್ನೂ ನಿರ್ಧರಿಸಿಲ್ಲ.

ಬೇರೆಯವರ ಕಡೆ ಬೆರಳು ತೋರಿಸುವ ಮುಂಚೆ ನನ್ನದೂ ಒಂದು ಹೇಳಿಬಿಡುತ್ತೇನೆ. ಹತ್ತು ವರ್ಷದ ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ ನಮ್ಮ ಮಹಡಿಯ ಬೆಂಕಿ ಸುರಕ್ಷತೆಯ ಪಟ್ಟಿಗೆ ಸಹಿ ಹಾಕುವ ಕೆಲಸ ನನ್ನದಾಗಿತ್ತು. ತುರ್ತು ಮೆಟ್ಟಿಲಿನ ಬಾಗಿಲ ಬಳಿ ಹಳೆಯ ಮಾನಿಟರುಗಳ ರಟ್ಟಿನ ಡಬ್ಬಗಳು ಎದೆಯೆತ್ತರಕ್ಕೆ ನಿಂತಿದ್ದವು. ನೋಡಿದ್ದೆ. ‘ನಿರ್ಗಮನ ದಾರಿ ಮುಕ್ತವಾಗಿದೆ’ ಎಂಬ ಸಾಲಿನ ಮುಂದೆ ಟಿಕ್ ಹಾಕಿದ್ದೆ. ಅಂದು ಸಂಜೆ ರಿಲೀಸ್ ಇತ್ತು. ಬೆಂಕಿ ಬೀಳಲಿಲ್ಲ, ಯಾರಿಗೂ ಏನೂ ಆಗಲಿಲ್ಲ, ಆದ್ದರಿಂದ ನಾನು ಅಪರಾಧಿಯೂ ಆಗಲಿಲ್ಲ. ಐಬ್ರಾಕ್ಸ್‌ನ ಮೆಟ್ಟಿಲಿನ ಮೇಲೆ ಮೂರು ಸಲ ಎಚ್ಚರಿಕೆ ಸಿಕ್ಕಿಯೂ ಸುಮ್ಮನಿದ್ದವರು ನನಗಿಂತ ಕೆಟ್ಟವರೇನಲ್ಲ.

ಆದ್ದರಿಂದ ಅಳಿಯನಿಗೆ ನಾನು ಬರೆದ ಉತ್ತರ ಇಷ್ಟು. ಲೆಕ್ಕ ಹಾಕೋಕೆ ಬರುತ್ತೆ ಕಣೋ. ತುಂಬಾ ಸುಲಭದ ಲೆಕ್ಕ. ಬಂದ ಉತ್ತರವನ್ನು ಎದುರಿಗೆ ಕೂತವರಿಗೆ ಹೇಳಿ, ‘ಹಾಗಾದ್ರೆ ಇವತ್ತು ಬೇಡ’ ಅನ್ನೋದು ಕಷ್ಟ.

ನವೆಂಬರಿನ ಆ ರಾತ್ರಿ ನಾವು ಅವಸರ ಮಾಡಲಿಲ್ಲ. ಬಹುಮಾನ ಕೊಡುವುದನ್ನೆಲ್ಲ ನೋಡಿ, ಮೆಟ್ಟಿಲು ಖಾಲಿಯಾದ ಮೇಲೆ ಮಗಳ ಕೈ ಹಿಡಿದು ಹೊರಟೆ. ಬಾಗಿಲು ತೆರೆದೇ ಇತ್ತು. ಹೆದ್ದಾರಿಯ ಪಕ್ಕ ತ್ರಿವರ್ಣ ಬಳಿದುಕೊಂಡ ಮುಖಗಳು, ಪೀಪಿ, ಆಟೋದವರ ಚೌಕಾಸಿ. ಫೋನ್ ತೆಗೆದಾಗ ಅಕ್ಕನ ನಾಲ್ಕು ಮಿಸ್ಡ್ ಕಾಲ್. ತಿರುಗಿ ಮಾಡಿದೆ. ಗೆದ್ದದ್ದನ್ನು ಅವಳೂ ಟಿವಿಯಲ್ಲಿ ನೋಡಿದ್ದಳು, ಆದರೆ ಮೊದಲು ಕೇಳಿದ್ದು ಅದನ್ನಲ್ಲ.

‘ಇಬ್ರೂ ಹೊರಗೆ ಬಂದ್ರೇನೋ?’

‘ಬಂದ್ವಿ ಕಣಕ್ಕ’ ಎಂದೆ.